ಮೂರೇ ವರ್ಷವೇ? ಬಾಲನ್ಯಾಯ ಕಾಯ್ದೆಯಲ್ಲಿ ನಾನು ಎಡವಿದ ಜಾಗ

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ಪಕ್ಕದ ಹಿರಿಯರು ಪತ್ರಿಕೆ ತೋರಿಸಿ ಕೇಳಿದರು: ‘ಹದಿನೇಳರ ಹುಡುಗ ಚಾಕು ತೋರಿಸಿ ಮೊಬೈಲ್ ಕಸಿದಿದ್ದಾನೆ. ಹೆಸರನ್ನೂ ಮುಚ್ಚಿಟ್ಟಿದ್ದಾರೆ. ಮೂರು ವರ್ಷ ಕಳೆದರೆ ಮುಗಿಯಿತೇನು ತಮ್ಮಾ?’ ಕಾನೂನು ಓದುತ್ತಿದ್ದೇನೆ ಎಂದು ಆಗಷ್ಟೇ ಹೇಳಿಕೊಂಡಿದ್ದ ನಾನು ತಡವರಿಸಿದೆ. ಸಪ್ತಾಪುರದ ಕೋಣೆಗೆ ಬಂದ ಮೇಲೆ ಬರೆದುಕೊಂಡದ್ದು ಇದು.

ಹದಿನೆಂಟು ತುಂಬದವರ ಅಪರಾಧಗಳಿಗಿರುವುದು 2015ರ ಬಾಲನ್ಯಾಯ ಕಾಯ್ದೆ, ಜಾರಿಯಾದದ್ದು 2016ರ ಜನವರಿ 15ರಂದು. ಈ ಪ್ರಕರಣಗಳನ್ನು ಕೇಳುವ ಬಾಲನ್ಯಾಯ ಮಂಡಳಿ ಎಂದರೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ವಯಸ್ಸು ಲೆಕ್ಕ ಹಾಕುವುದು ಕೃತ್ಯ ನಡೆದ ದಿನಕ್ಕೆ, ಸಿಕ್ಕಿಬಿದ್ದ ದಿನಕ್ಕಲ್ಲ. ಇಷ್ಟು ಎಲ್ಲರಿಗೂ ಗೊತ್ತು.

ಕಾಯ್ದೆ ಅಪರಾಧಗಳನ್ನು ಸಣ್ಣ, ಗಂಭೀರ, ಘೋರ ಎಂದು ಮೂರು ವರ್ಗ ಮಾಡುತ್ತದೆ; ಹುಡುಗನನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸುವ ದಾರಿ ತೆರೆಯುವುದು ಘೋರದಲ್ಲಿ ಮಾತ್ರ. ನಾನು ಎಡವಿದ್ದು ಈ ‘ಘೋರ ಅಪರಾಧ’ದ ವ್ಯಾಖ್ಯೆಯಲ್ಲಿ. ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವುದೆಲ್ಲ ಘೋರ ಎಂದು ತಿಳಿದಿದ್ದೆ. ಅಣಕು ಪರೀಕ್ಷೆಯಲ್ಲಿ ಕೊಲೆ ಯತ್ನವನ್ನು ಘೋರದ ಸಾಲಿಗೆ ಸೇರಿಸಿ ಅಂಕ ಕಳೆದುಕೊಂಡೆ. ಕಾಯ್ದೆ ಹೇಳುವುದು ‘ಕನಿಷ್ಠ ಶಿಕ್ಷೆ ಏಳು ವರ್ಷ ಅಥವಾ ಹೆಚ್ಚು’ ಎಂದು. ಕೊಲೆ ಯತ್ನಕ್ಕೆ ಹತ್ತು ವರ್ಷದವರೆಗೆ, ಗಾಯವಾದರೆ ಜೀವಾವಧಿಯವರೆಗೂ ಶಿಕ್ಷೆ ವಿಧಿಸಬಹುದು. ಆದರೆ ಕನಿಷ್ಠ ಇಷ್ಟು ಎಂದಿಲ್ಲ. ಹಾಗಾಗಿ ಅದು ‘ಗಂಭೀರ’ ಮಾತ್ರ. ನನಗೆ ಇದು ಮೂರು ಸಲ ಓದಿದರೂ ನಂಬಿಕೆಯಾಗಲಿಲ್ಲ.

ಬಸ್ಸಿನಲ್ಲಿ ಕೇಳಿದ ಪ್ರಕರಣವನ್ನೇ, ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ಮೇಲೆ ಇಟ್ಟು ನೋಡಿ. ಕೈಯಿಂದ ಮೊಬೈಲ್ ಕಸಿದು ಓಡಿದರೆ ಕಲಂ 304, ಗರಿಷ್ಠ ಮೂರು ವರ್ಷ: ಸಣ್ಣ ಅಪರಾಧ. ಹೊಡೆದೋ ಹೆದರಿಸಿಯೋ ಕಿತ್ತುಕೊಂಡರೆ ಸುಲಿಗೆ, ಕಲಂ 309, ಹತ್ತು ವರ್ಷದವರೆಗೆ, ಕನಿಷ್ಠ ಇಲ್ಲ: ಗಂಭೀರ. ಸುಲಿಗೆಯಲ್ಲಿ ಮಾರಕಾಸ್ತ್ರ ಬಳಸಿದರೆ ಕಲಂ 311, ಏಳು ವರ್ಷಕ್ಕೆ ಕಡಿಮೆ ಇಲ್ಲ: ಘೋರ! ಬಳಸುವುದೆಂದರೆ ಇರಿಯಲೇಬೇಕೆಂದಿಲ್ಲ, ಎದುರಿಗೆ ಹಿಡಿದು ಹೆದರಿಸಿದರೂ ಸಾಕು ಎಂದು ಐಪಿಸಿಯ 397ನೇ ಕಲಮಿನ ಬಗ್ಗೆ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಮೊಬೈಲ್ ಅದೇ, ಹುಡುಗ ಅವನೇ, ಮೆಟ್ಟಿಲು ಮೂರು. ನನ್ನ ಸೂತ್ರ: ಗಂಭೀರವೋ ಘೋರವೋ ಎಂಬ ಅನುಮಾನ ಬಂದರೆ ಗರಿಷ್ಠವನ್ನು ಬೆರಳಿನಿಂದ ಮುಚ್ಚಿ, ಕನಿಷ್ಠವನ್ನು ಮಾತ್ರ ಓದಿ.

ಗರಿಷ್ಠ ಏಳಕ್ಕಿಂತ ಹೆಚ್ಚಿದ್ದು ಕನಿಷ್ಠ ಇಲ್ಲದ ಅಪರಾಧಗಳು ಮೂಲ ಕಾಯ್ದೆಯ ಯಾವ ವರ್ಗಕ್ಕೂ ಸೇರಿರಲಿಲ್ಲ. ಸುಪ್ರೀಂ ಕೋರ್ಟಿನ 2020ರ ಶಿಲ್ಪಾ ಮಿತ್ತಲ್ ತೀರ್ಪು ಅವನ್ನು ಗಂಭೀರದ ಸಾಲಿಗೆ ತಂದಿತು, 2021ರ ತಿದ್ದುಪಡಿ ಅದನ್ನೇ ಬರೆದಿಟ್ಟಿತು.

ಘೋರವಾದ ಮಾತ್ರಕ್ಕೆ ವಯಸ್ಕನಂತೆ ವಿಚಾರಣೆ ಆಗಿಬಿಡುವುದಿಲ್ಲ. 16 ತುಂಬಿರಬೇಕು, ಮಂಡಳಿ ಪ್ರಾಥಮಿಕ ಮೌಲ್ಯಮಾಪನ (ಕೃತ್ಯ ಎಸಗುವ ಸಾಮರ್ಥ್ಯ, ಪರಿಣಾಮದ ಅರಿವು ಹುಡುಗನಿಗೆ ಎಷ್ಟಿತ್ತು, ಯಾವ ಸಂದರ್ಭದಲ್ಲಿ ಎಸಗಿದ ಎಂಬ ಪರಿಶೀಲನೆ) ಮಾಡಬೇಕು, ಆಮೇಲೆ ಮಕ್ಕಳ ನ್ಯಾಯಾಲಯ ಮತ್ತೊಮ್ಮೆ ತೀರ್ಮಾನಿಸಬೇಕು. ಅಲ್ಲಿಯೂ ಮರಣದಂಡನೆ ಇಲ್ಲ, ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿ ಇಲ್ಲ. ಪ್ರಕರಣವನ್ನು ಮಂಡಳಿಯೇ ಇಟ್ಟುಕೊಂಡರೆ ಬುದ್ಧಿವಾದದಿಂದ ಹಿಡಿದು ಸಮುದಾಯ ಸೇವೆ, ಇಂಥ ಮಕ್ಕಳನ್ನು ಇರಿಸಿ ತಿದ್ದುವ ವಿಶೇಷ ಗೃಹದವರೆಗೆ ಆಯ್ಕೆಗಳಿವೆ. ಮೂರು ವರ್ಷ ಎಂಬುದು ಆ ಗೃಹವಾಸದ ಮೇಲ್ಮಿತಿ. (ಹದಿನೇಳರ ಹುಡುಗ ಓಡಿಸುತ್ತಿದ್ದನೆನ್ನಲಾದ ಕಾರು ಗುದ್ದಿ ಇಬ್ಬರು ಸತ್ತ 2024ರ ಪುಣೆ ಪ್ರಕರಣದಲ್ಲಿ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದನ್ನು ಶಿಕ್ಷೆಯೆಂದೇ ಜನ ಆಡಿಕೊಂಡರು. ಅದು ಜಾಮೀನಿನ ಷರತ್ತು.)

ಇನ್ನು ಮುಚ್ಚಿಡುವ ಮಾತು. ಕಲಂ 74ರ ಪ್ರಕಾರ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಸರಿ ಎಂದೇ ನನ್ನ ಎಣಿಕೆ. ಆದರೆ ಹೆಸರು ಮುಚ್ಚುವುದು ಬೇರೆ, ಆದೇಶದ ಕಾರಣ ಮುಚ್ಚುವುದು ಬೇರೆ. 2022ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಹುಡುಗನನ್ನು ‘ಭೋಲು’ ಎಂಬ ಬದಲಿ ಹೆಸರಿನಿಂದಲೇ ಕರೆದು, ಪ್ರಾಥಮಿಕ ಮೌಲ್ಯಮಾಪನ ಹೇಗಿರಬೇಕೆಂದು ದೀರ್ಘವಾಗಿ ಬರೆಯಿತು. ಯಾರು ಬೇಕಾದರೂ ಓದಬಹುದು. ಮಂಡಳಿಗಳ ಆದೇಶಗಳೂ ಹೀಗೆ ಹೆಸರು ತೆಗೆದು ಹೊರಬಂದರೆ ಶಿಕ್ಷೆ ಸಾಲದೋ, ಸರಿಯೋ ಎಂದು ಜಗಳವಾಡುವುದಕ್ಕಾದರೂ ಆಧಾರವಿರುತ್ತದೆ.

ಅಂದ ಹಾಗೆ, ಹಿರಿಯರು ಇಳಿಯುವ ಮುನ್ನ ಆ ಸುದ್ದಿಯನ್ನು ಕೇಳಿ ಪಡೆದು ಓದಿದೆ. ಹುಡುಗನ ಊರು, ಕಲಿಯುವ ಶಾಲೆ, ತಂದೆಯ ಕಸುಬು ಎಲ್ಲವೂ ಇದ್ದವು. ಯಾವ ಕಲಂ ಹಾಕಿದ್ದಾರೆ ಎಂಬುದು ಇರಲಿಲ್ಲ.