ಪೋಸ್ಟರಿನಲ್ಲಿ ಆ ಪದವೇ ಇಲ್ಲವಲ್ಲ!

2017ರ ಜುಲೈ. ಹಂಗೇರಿಯ ಬುಡಾಪೆಸ್ಟಿನಲ್ಲಿ ಬಸ್ ಸ್ಟಾಪು, ಮೆಟ್ರೋ ನಿಲ್ದಾಣ, ರಸ್ತೆ ಬದಿ, ಎಲ್ಲಿ ನೋಡಿದರೂ ಒಬ್ಬ ಮುದುಕನ ನಗುಮುಖ. ಜಾರ್ಜ್ ಸೊರೊಸ್. ಅಮೆರಿಕದಲ್ಲಿ ನೆಲೆಸಿರುವ ಕೋಟ್ಯಧಿಪತಿ, ಹುಟ್ಟಿದ್ದು ಇದೇ ಬುಡಾಪೆಸ್ಟಿನ ಯಹೂದಿ ಕುಟುಂಬದಲ್ಲಿ. ಮುಖದ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ, ಕೊನೆಗೆ ನಗುವವನು ಸೊರೊಸ್ ಆಗದಂತೆ ನೋಡಿಕೊಳ್ಳೋಣ ಅಂತ ಬರೆದಿತ್ತು. ಜೊತೆಗೆ, ಅಕ್ರಮ ವಲಸೆಗೆ ಶೇ 99 ಮಂದಿಯ ವಿರೋಧ ಎಂಬ ಸಾಲು. ಹಾಕಿಸಿದ್ದು ಸರ್ಕಾರ, ಅಂದರೆ ದುಡ್ಡು ತೆರಿಗೆ ಕಟ್ಟುವವರದ್ದು. ಟ್ರಾಮ್ ಒಳಗೆ ಅದೇ ಮುಖವನ್ನು ನೆಲಕ್ಕೂ ಅಂಟಿಸಿದ್ದರು. ಹತ್ತಿದವರು ತುಳಿದುಕೊಂಡೇ ಹೋಗಬೇಕು.

ಚುನಾವಣಾ ಜಾಹೀರಾತು, ರಾಜಕೀಯ ಪೋಸ್ಟು ಪರಿಶೀಲಿಸುವುದು ನನ್ನ ಹೊಟ್ಟೆಪಾಡು. ಬೆಂಗಳೂರಿನಲ್ಲಿ ಕೂತು ಯಾವ್ಯಾವುದೋ ದೇಶದ ಪ್ರಚಾರ ನೋಡುತ್ತೇವೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ತೋರಿಸುವುದು ಈ ಪೋಸ್ಟರನ್ನೇ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ: "ಇದ್ರಲ್ಲಿ ಯಹೂದಿ ಅನ್ನೋ ಪದಾನೇ ಇಲ್ವಲ್ಲ ಮೇಡಂ, ಏನಂತ ಫ್ಲಾಗ್ ಮಾಡೋದು?"

ಫ್ಲಾಗ್ ಅಂದರೆ ನಿಯಮ ಮೀರಿದೆ ಎಂದು ಗುರುತು ಹಾಕುವುದು. ನ್ಯಾಯವಾದ ಪ್ರಶ್ನೆ. ಪ್ರಧಾನಿ ವಿಕ್ಟರ್ ಓರ್ಬಾನ್ ಅವರ ಸರ್ಕಾರವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಸೊರೊಸ್ ಯಾವ ಧರ್ಮದವರು ಅನ್ನುವುದು ನಮಗೆ ಬೇಕಿಲ್ಲ, ವಲಸಿಗರ ವಿಚಾರದಲ್ಲಿ ಅವರ ನಿಲುವಿಗೆ ನಮ್ಮ ವಿರೋಧ, ಅಷ್ಟೇ ಅಂತ. ಆದರೆ ನೋಡಿದವರಿಗೆ ಏನು ಅರ್ಥವಾಯಿತು ಅನ್ನುವುದಕ್ಕೆ ಸಾಕ್ಷಿ ಪೋಸ್ಟರಿನ ಮೇಲೇ ಇತ್ತು. ಕೆಲವು ಕಡೆ ಯಾರೋ ಅದರ ಮೇಲೆ 'ನಾರುವ ಯಹೂದಿ' ಎಂದು ಗೀಚಿದ್ದರು. ಸರ್ಕಾರ ಹೇಳದೆ ಬಿಟ್ಟ ಮಾತನ್ನು ಅವರು ಪೂರ್ತಿ ಮಾಡಿದರು.

ಅಷ್ಟು ಸಲೀಸಾಗಿ ಪೂರ್ತಿ ಮಾಡಲು ಹೇಗೆ ಸಾಧ್ಯವಾಯಿತು? ಆ ದೇಶದ ಹಿನ್ನೆಲೆ ಗೊತ್ತಿಲ್ಲದಿದ್ದರೆ ಇದು ತಿಳಿಯುವುದಿಲ್ಲ. 1944ರ ಮೇ ಮಧ್ಯದಿಂದ ಜುಲೈ ಆರಂಭದವರೆಗೆ, ಎರಡು ತಿಂಗಳೂ ತುಂಬುವ ಮೊದಲು, ಹಂಗೇರಿಯಿಂದ ಸುಮಾರು 4,37,000 ಯಹೂದಿಗಳನ್ನು ರೈಲಿಗೆ ತುಂಬಿ ಕಳಿಸಿದರು. ಬಹುಪಾಲು ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ. ಸೊರೊಸ್ ಆಗ ಹದಿನಾಲ್ಕರ ಆಸುಪಾಸಿನ ಹುಡುಗ, ಸುಳ್ಳು ಗುರುತಿನ ಚೀಟಿ ಇಟ್ಟುಕೊಂಡು ಬದುಕಿ ಉಳಿದವರು. ಇನ್ನು ಆ ನಗು. 1939ರ ಜನವರಿ 30ರಂದು ಜರ್ಮನಿಯ ಸಂಸತ್ತಿನಲ್ಲಿ ಹಿಟ್ಲರ್ ಹೇಳಿದ್ದೇ ಅದು: ನನ್ನ ಮಾತು ಕೇಳಿ ಹಿಂದೆ ಯಹೂದಿಗಳು ನಗುತ್ತಿದ್ದರು, ಈಗ ಆ ನಗು ಅವರ ಗಂಟಲಲ್ಲೇ ಸಿಕ್ಕಿಕೊಂಡಿರಬೇಕು ಅಂತ. ನಗುವ ಯಹೂದಿ ಅನ್ನುವುದು ನಾಜಿ ಪ್ರಚಾರದ ಹಳೇ ಸರಕು. ಬುಡಾಪೆಸ್ಟಿನ ವಯಸ್ಸಾದ ಯಹೂದಿಯೊಬ್ಬರು ಆ ಪೋಸ್ಟರನ್ನು ವಲಸೆ ನೀತಿಯ ಚರ್ಚೆ ಅಂತ ಓದಿಕೊಳ್ಳಲು ಆಗುತ್ತದಾ?

ಹಂಗೇರಿಯ ಯಹೂದಿ ಸಂಘಟನೆ ಪೋಸ್ಟರು ತೆಗೆಯಿರಿ ಎಂದು ಕೇಳಿಕೊಂಡಿತು. ಇಂಥ ಆಕ್ಷೇಪಕ್ಕೆ ಉತ್ತರ ಯಾವಾಗಲೂ ಸಿದ್ಧವಿರುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಯಾಕೆ ಮುಟ್ಟಿ ನೋಡಿಕೊಳ್ತೀರಿ? ನಾವು ಯಹೂದಿ ಅಂದೆವಾ? ನಿಮಗೆ ಹಾಗೆ ಕಂಡರೆ ದೋಷ ನಿಮ್ಮ ಕಣ್ಣಿನದ್ದು. ಸಂಕೇತದ ಭಾಷೆಯ ಜಾಣತನ ಇರುವುದೇ ಇಲ್ಲಿ. ನಿರಾಕರಣೆ ಆಮೇಲೆ ಹುಡುಕಿಕೊಂಡ ನೆಪ ಅಂದುಕೊಳ್ಳಬೇಡಿ. ಜಾಹೀರಾತು ಬರೆಯುವ ಹೊತ್ತಿಗೇ ಅದಕ್ಕೂ ಜಾಗ ಮಾಡಿಟ್ಟಿರುತ್ತಾರೆ.

ಇನ್ನೂ ವಿಚಿತ್ರ ಬೇಕೇ? ಬುಡಾಪೆಸ್ಟಿನ ಇಸ್ರೇಲ್ ರಾಯಭಾರಿ ಪೋಸ್ಟರುಗಳನ್ನು ವಿರೋಧಿಸಿ ಹೇಳಿಕೆ ಕೊಟ್ಟರು. ಅದರ ಬೆನ್ನಿಗೇ ಇಸ್ರೇಲ್ ವಿದೇಶಾಂಗ ಸಚಿವಾಲಯ ಸ್ಪಷ್ಟನೆ ಹೊರಡಿಸಿತು: ಸೊರೊಸ್ ಅವರನ್ನು ಟೀಕಿಸುವುದು ತಪ್ಪು ಅಂತ ನಾವು ಹೇಳಿಲ್ಲ, ಅವರು ನಮ್ಮ ಸರ್ಕಾರಕ್ಕೂ ತೊಂದರೆ ಕೊಡುವವರೇ ಅಂತ. ಪ್ರಧಾನಿ ನೆತನ್ಯಾಹು ಅದೇ ತಿಂಗಳು ಬುಡಾಪೆಸ್ಟಿಗೆ ಹೋಗುವವರಿದ್ದರು. ಹಾಗಾಗಿ "ಇಸ್ರೇಲ್ ಸರ್ಕಾರಕ್ಕೇ ತಕರಾರಿಲ್ಲ, ನಿಮಗೇನು?" ಎಂಬ ವಾದವನ್ನು ನಾನು ತೂಕಕ್ಕೆ ಹಾಕುವುದಿಲ್ಲ. ಸರ್ಕಾರಗಳ ಸ್ನೇಹಕ್ಕೆ ಬೇರೆ ಲೆಕ್ಕ ಇರುತ್ತದೆ.

ಮುಂದಿನ ವರ್ಷ, 2018ರ ಮಾರ್ಚ್ 15, ಹಂಗೇರಿಯ ರಾಷ್ಟ್ರೀಯ ದಿನ. ಚುನಾವಣೆಗೆ ಮೂರು ವಾರ ಬಾಕಿ. ಓರ್ಬಾನ್ ಭಾಷಣದ ಒಂದು ಭಾಗವನ್ನು ನಾನು ತರಬೇತಿಯಲ್ಲಿ ನಿಧಾನವಾಗಿ ಓದಿಸುತ್ತೇನೆ. ನಾವು ಎದುರಿಸುತ್ತಿರುವ ಶತ್ರು ನಮ್ಮಂಥವನಲ್ಲ ಎಂದು ಶುರುವಾಗುತ್ತದೆ. ಅವನು ಎದುರಿಗೆ ಬರುವುದಿಲ್ಲ, ಅಡಗಿರುತ್ತಾನೆ. ನೇರ ಇಲ್ಲ, ಕಪಟಿ. ರಾಷ್ಟ್ರದವನಲ್ಲ, ಅಂತರರಾಷ್ಟ್ರೀಯ. ದುಡಿಮೆಯಲ್ಲಿ ನಂಬಿಕೆ ಇಲ್ಲ, ದುಡ್ಡಿನ ಜೂಜಾಡುತ್ತಾನೆ. ಅವನಿಗೆ ತನ್ನದೊಂದು ತಾಯ್ನಾಡಿಲ್ಲ, ಇಡೀ ಲೋಕವೇ ತನ್ನದು ಅಂದುಕೊಂಡಿದ್ದಾನೆ. ಇದು ಭಾಷಣದ ಸಾರ.

ಈ ಪಟ್ಟಿಯಲ್ಲಿ ಹೊಸದು ಒಂದೂ ಇಲ್ಲ. ದುಡಿಯುವ ಬಂಡವಾಳ ನಮ್ಮದು, ದೋಚುವ ಬಂಡವಾಳ ಯಹೂದಿಗಳದ್ದು ಎಂಬ ಭೇದ ನಾಜಿಗಳ ಆರಂಭದ ದಿನಗಳದ್ದು. ಬೇರಿಲ್ಲದ, ನಾಡಿಲ್ಲದ ಜನ ಎಂಬ ಬೈಗುಳವನ್ನು ಸ್ಟಾಲಿನ್ ಕಾಲದ ಸೋವಿಯತ್ ಪತ್ರಿಕೆಗಳು 1949ರಲ್ಲಿ ಯಹೂದಿ ಲೇಖಕರು, ವಿಮರ್ಶಕರ ಮೇಲೆ ಧಾರಾಳವಾಗಿ ಬಳಸಿದವು. ಯಹೂದಿಗಳು ಅಡಗಿ ಕೂತು ಲೋಕ ಆಳುತ್ತಾರೆ ಎಂಬ ಕಥೆಯನ್ನು ಲೋಕವೆಲ್ಲ ಹರಡಿದ್ದು 'ಜಿಯಾನಿನ ಹಿರಿಯರ ನಡಾವಳಿ' ಎಂಬ ನಕಲಿ ದಾಖಲೆ. 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಬಂತು. ಅದರ ಬಹಳಷ್ಟು ಭಾಗ ಫ್ರೆಂಚ್ ವಕೀಲ ಮೋರಿಸ್ ಜೋಲಿ 1864ರಲ್ಲಿ ಮೂರನೇ ನೆಪೋಲಿಯನ್ನನನ್ನು ಲೇವಡಿ ಮಾಡಿ ಬರೆದ ಪುಸ್ತಕದಿಂದ ಕದ್ದದ್ದು. ಆ ಪುಸ್ತಕದಲ್ಲಿ ಯಹೂದಿಗಳ ವಿಷಯವೇ ಇರಲಿಲ್ಲ. 1921ರಲ್ಲೇ ಲಂಡನ್ನಿನ ಟೈಮ್ಸ್ ಪತ್ರಿಕೆ ಈ ಕಳ್ಳತನವನ್ನು ಸಾಲಿಗೆ ಸಾಲು ಇಟ್ಟು ತೋರಿಸಿತು. ಸುಳ್ಳು ಬಯಲಾಗಿ ನೂರು ವರ್ಷ ದಾಟಿತು. ಓಡಾಟ ಮಾತ್ರ ನಿಂತಿಲ್ಲ.

ಹಾಗಾದರೆ ಓರ್ಬಾನ್ ಯಹೂದಿ ದ್ವೇಷಿಯಾ? ತರಬೇತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಪ್ರಕಾರ ಇದು ದಿಕ್ಕು ತಪ್ಪಿಸುವ ಪ್ರಶ್ನೆ. ಯಾಕೆ ಅಂದರೆ, ಸೊರೊಸ್ ಅವರನ್ನು ಶತ್ರು ಮಾಡುವ ಯೋಚನೆ ಕೊಟ್ಟವರು ಆರ್ಥರ್ ಫಿಂಕೆಲ್‌ಸ್ಟೀನ್ ಮತ್ತು ಜಾರ್ಜ್ ಬರ್ನ್‌ಬಾಮ್ ಎಂಬ ಅಮೆರಿಕನ್ ಚುನಾವಣಾ ಸಲಹೆಗಾರರು. ಇಬ್ಬರೂ ಯಹೂದಿಗಳು! 2010ರಲ್ಲಿ ಓರ್ಬಾನ್ ಭಾರಿ ಬಹುಮತದಿಂದ ಗೆದ್ದ ಮೇಲೆ ಎದುರಾಳಿಗಳೇ ಉಳಿದಿರಲಿಲ್ಲ. ಕಾರ್ಯಕರ್ತರನ್ನು ಹುರಿದುಂಬಿಸಲು ಒಬ್ಬ ಶತ್ರು ಬೇಕಿತ್ತು. ಶ್ರೀಮಂತ, ದೇಶದ ಹೊರಗಿರುವವ, ಎಲ್ಲರಿಗೂ ಹೆಸರು ಗೊತ್ತಿರುವವ, ಚುನಾವಣೆಗೆ ನಿಲ್ಲದವ. ಸೊರೊಸ್ ಆ ಅಳತೆಗೆ ಸರಿಯಾಗಿ ಕೂತರು. 1989ರಲ್ಲಿ ಇದೇ ಓರ್ಬಾನ್ ಆಕ್ಸ್‌ಫರ್ಡಿಗೆ ಓದಲು ಹೋಗಿದ್ದು ಸೊರೊಸ್ ಪ್ರತಿಷ್ಠಾನದ ವಿದ್ಯಾರ್ಥಿವೇತನದಲ್ಲಿ ಅನ್ನುವುದು ಬೇರೆ ಮಾತು. ತಮಗೆ ಯಹೂದಿ ದ್ವೇಷ ಹಬ್ಬಿಸುವ ಉದ್ದೇಶ ಇರಲಿಲ್ಲ ಎಂದು ಬರ್ನ್‌ಬಾಮ್ ಆಮೇಲೆ ಹೇಳಿದರು. ನಾನು ನಂಬುತ್ತೇನೆ. ಆದರೆ ಬರೆದವರ ಮನಸ್ಸು ಶುದ್ಧ ಇದ್ದ ಮಾತ್ರಕ್ಕೆ ಗೋಡೆ ಮೇಲಿನ ಚಿತ್ರ ಮಾಡುವ ಕೆಲಸ ಬದಲಾಗುವುದಿಲ್ಲ. ನಾವು ಪರಿಶೀಲಿಸಬೇಕಾದದ್ದು ಆ ಕೆಲಸವನ್ನು. ಯಾರ ಎದೆಯೊಳಗೆ ಏನಿದೆ ಅಂತ ನೋಡುವ ಉಪಕರಣ ನಮ್ಮ ಆಫೀಸಿನಲ್ಲಿ ಇಲ್ಲ.

2018ರ ಏಪ್ರಿಲ್‌ನಲ್ಲಿ ಓರ್ಬಾನ್ ಮೈತ್ರಿಕೂಟಕ್ಕೆ 199ರಲ್ಲಿ 133 ಸ್ಥಾನ ಬಂತು. 2023ರಲ್ಲಿ ಮುದಿ ಸೊರೊಸ್ ತಮ್ಮ ಸಂಸ್ಥೆಯ ಹೊಣೆಯನ್ನು ಮಗ ಅಲೆಕ್ಸ್ ಕೈಗೆ ಕೊಟ್ಟರು. ಅದೇ ನವೆಂಬರಿಗೆ ಬುಡಾಪೆಸ್ಟಿನ ಸರ್ಕಾರಿ ಪೋಸ್ಟರುಗಳಲ್ಲಿ ಮಗನ ಮುಖ ಬಂತು. ಅಪ್ಪನ ಆಸ್ತಿ ಜೊತೆ ಶತ್ರುವಿನ ಪಾತ್ರವೂ ಮಗನಿಗೆ!

ಅಮೆರಿಕದ ಉದಾಹರಣೆ ಇನ್ನೂ ನಾಜೂಕು. 2016ರ ಅಧ್ಯಕ್ಷ ಚುನಾವಣೆಯ ಕೊನೇ ದಿನಗಳಲ್ಲಿ ಟ್ರಂಪ್ ಪ್ರಚಾರ ತಂಡ ಎರಡು ನಿಮಿಷದ ಜಾಹೀರಾತು ಬಿಟ್ಟಿತು. ಇದನ್ನು ನಾವು ನೋಡುವ ಕ್ರಮ ಹೀಗೆ. ಮೊದಲು ಚಿತ್ರ ಮುಚ್ಚಿ ಬರೀ ಧ್ವನಿ ಕೇಳುತ್ತೇವೆ. ವಾಷಿಂಗ್ಟನ್ನಿನಲ್ಲಿ ಅಧಿಕಾರದ ಸನ್ನೆಕೋಲು ಹಿಡಿದವರು, ಜಾಗತಿಕ ಹಿತಾಸಕ್ತಿಗಳು, ನಮ್ಮ ದುಡಿಯುವ ವರ್ಗವನ್ನು ದೋಚಿದ ಜಾಗತಿಕ ಶಕ್ತಿ ವ್ಯವಸ್ಥೆ. ಕೇಳಿದರೆ ಯಾವುದೇ ವಿರೋಧ ಪಕ್ಷದವರ ಮಾತು ಅನಿಸುತ್ತದೆ. ತಪ್ಪೇನೂ ಇಲ್ಲ. ಆಮೇಲೆ ಧ್ವನಿ ಮುಚ್ಚಿ ಬರೀ ಚಿತ್ರ. ಟ್ರಂಪ್, ಹಿಲರಿ ಕ್ಲಿಂಟನ್, ಜನಸಂದಣಿ, ಕೆಲವು ಗಣ್ಯರು. ಇದರಲ್ಲೂ ತಪ್ಪಿಲ್ಲ. ಈಗ ಎರಡನ್ನೂ ಸೇರಿಸಿ ಒಂದೊಂದೇ ಫ್ರೇಮ್ ನಿಲ್ಲಿಸುತ್ತಾ ಹೋಗಿ. ಅಧಿಕಾರದ ಸನ್ನೆಕೋಲು ಅನ್ನುವಾಗ ಸೊರೊಸ್. ಜಾಗತಿಕ ಹಿತಾಸಕ್ತಿ ಅನ್ನುವಾಗ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಆಗಿನ ಮುಖ್ಯಸ್ಥೆ ಜಾನೆಟ್ ಯೆಲೆನ್. ದೋಚಿದ ಹಣ ಕೆಲವೇ ದೊಡ್ಡ ಕಂಪನಿಗಳ ಜೇಬಿಗೆ ಅನ್ನುವಾಗ ಅಮೆರಿಕದ ದೊಡ್ಡ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನ ಆಗಿನ ಮುಖ್ಯಸ್ಥ ಲಾಯ್ಡ್ ಬ್ಲಾಂಕ್‌ಫೈನ್. ಮೂವರೂ ಯಹೂದಿಗಳು. ಮೂವರ ಹೆಸರನ್ನೂ ಧ್ವನಿ ಎತ್ತುವುದಿಲ್ಲ. ಯಹೂದಿ ಸಂಘಟನೆಗಳು ಆಕ್ಷೇಪಿಸಿದವು, ಪ್ರಚಾರ ತಂಡ ಅಲ್ಲಗಳೆಯಿತು.

ಹೀಗೆ ಸುತ್ತಿ ಬಳಸಿ ಹೇಳುವ ಕಷ್ಟ ಯಾಕೆ? ನೇರ ಹೇಳಿದವರಿಗೆ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ಅಟ್ಲಾಂಟಿಕ್ ಸಾಗರ ದಾಟಿ ವಿಮಾನ ಹಾರಿಸಿ ಹೀರೋ ಆಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ 1941ರ ಸೆಪ್ಟೆಂಬರ್ 11ರಂದು ಡೆ ಮೊಯಿನ್ ಊರಿನ ಸಭೆಯಲ್ಲಿ, ಅಮೆರಿಕವನ್ನು ಯುದ್ಧಕ್ಕೆ ತಳ್ಳುತ್ತಿರುವವರು ಬ್ರಿಟಿಷರು, ಯಹೂದಿಗಳು ಮತ್ತು ರೂಸ್‌ವೆಲ್ಟ್ ಸರ್ಕಾರ ಎಂದು ಬಿಡಿಸಿ ಹೇಳಿಬಿಟ್ಟರು. ದೇಶವೇ ಉಗಿಯಿತು. ಆ ಹೆಸರು ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಆಶ್ವಿಟ್ಜ್ ಲೋಕಕ್ಕೆ ಗೊತ್ತಾದ ಮೇಲಂತೂ ಬಾಯಿಬಿಟ್ಟು ಹೇಳುವುದು ರಾಜಕೀಯ ಆತ್ಮಹತ್ಯೆ. ಬಯಸಿದವರು ಕಲಿತದ್ದು ಬಾಯಿ ಮುಚ್ಚಿ ಹೇಳುವುದನ್ನು.

ಪದಗಳ ಪಟ್ಟಿ ಮಾಡಿ ನಿಷೇಧಿಸಿ ಎಂದು ಸುಮಾರು ಜನ ಸಲಹೆ ಕೊಡುತ್ತಾರೆ. ಹೇಳುವುದು ಸುಲಭ. 2016ರಲ್ಲಿ ಅಮೆರಿಕದ ಜನಾಂಗದ್ವೇಷಿಗಳು ಯಹೂದಿಗಳ ಹೆಸರಿನ ಎರಡೂ ಕಡೆ ಮೂರು ಮೂರು ಆವರಣ ಚಿಹ್ನೆ ಹಾಕತೊಡಗಿದರು. ಹಾಗೆ ತಾನಾಗಿಯೇ ಗುರುತು ಹಾಕುವ, ಬ್ರೌಸರಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಅಂದರೆ ಕ್ರೋಮ್ ಎಕ್ಸ್‌ಟೆನ್ಷನ್ ಕೂಡ ಬಂತು. ಗೂಗಲ್ ಅದನ್ನು ಜೂನ್‌ನಲ್ಲಿ ತೆಗೆದುಹಾಕಿತು. ಅಷ್ಟರಲ್ಲಿ ಎಷ್ಟೋ ಯಹೂದಿಗಳು, ಅವರ ಸ್ನೇಹಿತರು ಬೇಕಂತಲೇ ತಮ್ಮ ಹೆಸರಿಗೆ ಅದೇ ಆವರಣ ಹಾಕಿಕೊಂಡರು. ಯಂತ್ರ ಈಗ ಯಾರನ್ನು ಹಿಡಿಯಬೇಕು? ಕೆಲವೇ ತಿಂಗಳಲ್ಲಿ ಅದೇ ಗುಂಪು ಯಹೂದಿಗಳಿಗೆ 'ಸ್ಕೈಪ್' ಎಂದು ಹೆಸರಿಟ್ಟಿತು. ಸ್ಕೈಪ್ ಅನ್ನುವ ಪದವನ್ನು ಬ್ಲಾಕ್ ಮಾಡಿದ್ದರೆ ಅರ್ಧ ಬೆಂಗಳೂರಿನ ಇಂಟರ್‌ವ್ಯೂ ನಿಂತುಹೋಗುತ್ತಿತ್ತು.

ಬಲಪಂಥದವರ ರೋಗ ಇದು ಅಂದುಕೊಂಡು ಎಡದವರು ನೆಮ್ಮದಿಯಾಗಿರುವಂತಿಲ್ಲ. 2012ರಲ್ಲಿ ಲಂಡನ್ನಿನ ಗೋಡೆಯೊಂದರಲ್ಲಿ, ಯಹೂದಿಗಳನ್ನು ಹಂಗಿಸುವ ಹಳೇ ಚಿತ್ರಗಳಲ್ಲಿರುವಂಥ ದೊಡ್ಡ ಮೂಗಿನ ಶ್ರೀಮಂತರು ಬಡವರ ಬೆನ್ನ ಮೇಲೆ ಹಲಗೆ ಇಟ್ಟು ಆಟವಾಡುವ ಚಿತ್ರವಿತ್ತು. ಅದನ್ನು ಅಳಿಸುವುದನ್ನು ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿದ್ದವರು ಬ್ರಿಟನ್ನಿನ ಎಡಪಂಥೀಯ ಸಂಸದ ಜೆರೆಮಿ ಕಾರ್ಬಿನ್. ಲೇಬರ್ ಪಕ್ಷದ ನಾಯಕರಾದ ಮೇಲೆ, 2018ರಲ್ಲಿ ಆ ಹಳೇ ಕಾಮೆಂಟು ಮೇಲೆದ್ದು ಬಂತು. ಚಿತ್ರವನ್ನು ಸರಿಯಾಗಿ ನೋಡಿರಲಿಲ್ಲ ಎಂದು ವಿಷಾದಿಸಿದರು. ಬಂಡವಾಳಶಾಹಿಯ ವಿರುದ್ಧ ಅಂದ ತಕ್ಷಣ ಕಣ್ಣು ಅರ್ಧ ಮುಚ್ಚಿಕೊಳ್ಳುವ ಅಭ್ಯಾಸ ಅಲ್ಲಿ ಜಾಸ್ತಿ.

ಸುಮ್ನೆ ಮಾತು ತಾನೇ, ಏನಾಗುತ್ತದೆ ಎನ್ನುವವರಿಗೆ 2018ರ ಅಕ್ಟೋಬರ್ ನೆನಪಿಸುತ್ತೇನೆ. ಅಮೆರಿಕದಲ್ಲಿ ಮಧ್ಯಾವಧಿ ಚುನಾವಣೆಯ ಕಾವು. ಮಧ್ಯ ಅಮೆರಿಕದಿಂದ ನಡೆದು ಬರುತ್ತಿದ್ದ ವಲಸಿಗರ ಗುಂಪಿಗೆ ಸೊರೊಸ್ ದುಡ್ಡು ಕೊಡುತ್ತಿದ್ದಾರೆ ಎಂಬ ಆಧಾರವಿಲ್ಲದ ಮಾತು ಎಲ್ಲೆಲ್ಲೂ. 22ನೇ ತಾರೀಕು ನ್ಯೂಯಾರ್ಕ್ ಬಳಿಯ ಸೊರೊಸ್ ಮನೆಯ ಅಂಚೆ ಪೆಟ್ಟಿಗೆಯಲ್ಲಿ ಪೈಪ್ ಬಾಂಬ್ ಸಿಕ್ಕಿತು. 27ರಂದು ಪಿಟ್ಸ್‌ಬರ್ಗಿನ ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಒಬ್ಬ ಗುಂಡು ಹಾರಿಸಿ 11 ಜನರನ್ನು ಕೊಂದ. ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆ ದಾಳಿಕೋರರನ್ನು ಒಳಗೆ ತರುತ್ತಿದೆ ಎಂದು ಅದಕ್ಕೂ ಸ್ವಲ್ಪ ಮೊದಲು ಪೋಸ್ಟ್ ಹಾಕಿದ್ದ. ಯಾವುದೋ ಒಂದು ಭಾಷಣವೇ ಬಂದೂಕು ಹಿಡಿಸಿತು ಎಂದು ನಾನು ಹೇಳುವುದಿಲ್ಲ. ಕಥೆ ಮಾತ್ರ ಅದೇ.

ಹಾಗಂತ ಸೊರೊಸ್ ಟೀಕೆಗೆ ಅತೀತರೇ? ಖಂಡಿತ ಇಲ್ಲ. 1992ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪೌಂಡ್ ಬೀಳುತ್ತದೆ ಎಂದು ಬಾಜಿ ಕಟ್ಟಿ ಅವರ ಫಂಡ್ ಸುಮಾರು 100 ಕೋಟಿ ಡಾಲರ್ ಲಾಭ ಮಾಡಿಕೊಂಡಿತು. ಒಳಮಾಹಿತಿ ಬಳಸಿ ಷೇರು ಕೊಂಡ ಪ್ರಕರಣದಲ್ಲಿ 2002ರಲ್ಲಿ ಫ್ರಾನ್ಸಿನ ಕೋರ್ಟು ಅವರನ್ನು ತಪ್ಪಿತಸ್ಥ ಎಂದಿತು. ಇವುಗಳ ಬಗ್ಗೆ ಎಷ್ಟು ಖಾರವಾಗಿ ಬೇಕಾದರೂ ಬರೆಯಿರಿ, ನಾನು ಪಾಸ್ ಮಾಡುತ್ತೇನೆ. ನನ್ನ ಪರೀಕ್ಷೆ ಸರಳ: ಇಂಥ ದಿನ, ಇಂಥ ಸಂಸ್ಥೆಗೆ, ಇಷ್ಟು ಹಣ ಅಂತ ಇದೆಯಾ? ಅಥವಾ ಎಲ್ಲದರ ಹಿಂದೆಯೂ ಅವನೇ ಇದ್ದಾನೆ ಅಂತಷ್ಟೇ ಇದೆಯಾ? ಮೊದಲನೆಯದನ್ನು ಸುಳ್ಳು ಅಂತ ಸಾಬೀತು ಮಾಡಬಹುದು. ಎರಡನೆಯದನ್ನು ಯಾವತ್ತೂ ಮಾಡಲಾಗದು. ಪುರಾವೆ ಸಿಗಲಿಲ್ಲ ಅಂದರೆ ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾನೆ ನೋಡಿ ಎನ್ನುತ್ತಾರೆ.

ನಮ್ಮ ಕನ್ನಡದ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಈಗ ಸೊರೊಸ್ ಇದ್ದಾರೆ. 2023ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಅದಾನಿ ವಿವಾದ ಎತ್ತಿ ಮೋದಿಯವರ ಬಗ್ಗೆ ಮಾತಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಮುಟ್ಟಿ ನೋಡಿಕೊಳ್ಳುವಂಥ ಉತ್ತರ ಕೊಟ್ಟರು. ಅದು ರಾಜಕೀಯದ ಜಗಳ, ಅದರಲ್ಲಿ ಯಹೂದಿ ದ್ವೇಷ ಹುಡುಕುವುದು ಅತಿಯಾಯಿತು. ನಮ್ಮಲ್ಲಿ ಬಹಳ ಜನಕ್ಕೆ ಅವರು ಯಹೂದಿ ಅನ್ನುವುದೇ ಗೊತ್ತಿಲ್ಲ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯಹೂದಿಗಳದ್ದೊಂದು ಹಳೇ ಸ್ಮಶಾನ ಇದೆ, ಅದನ್ನೂ ಎಷ್ಟು ಜನ ನೋಡಿದ್ದೇವೆ? ಆದರೆ ಫಾರ್ವರ್ಡ್ ಆಗಿ ಬರುವ ಚಿತ್ರಗಳು ಹೊರಗಿನವು. ಭೂಮಿಯನ್ನು ಅಪ್ಪಿಕೊಂಡ ಆಕ್ಟೋಪಸ್, ಕೊಕ್ಕೆ ಮೂಗು, ದಾರ ಹಿಡಿದು ನಾಯಕರನ್ನು ಕುಣಿಸುವ ಕೈ. 1930ರ ದಶಕದ ಜರ್ಮನ್ ಪತ್ರಿಕೆಯ ಅಚ್ಚುಗಳೇ, ಮೇಲೆ ಕನ್ನಡದ ಸಾಲು. ಅದೇ ಗುಂಪಿನ ಮುಂದಿನ ಮೆಸೇಜು ಇಸ್ರೇಲಿಗೆ ಜೈ ಅಂತ ಇರುತ್ತದೆ. ಕಳಿಸಿದವರಿಗೆ ಇದರಲ್ಲಿ ವಿರೋಧ ಕಾಣುವುದಿಲ್ಲ, ಯಾಕೆಂದರೆ ಚಿತ್ರದ ಊರು ಯಾವುದು ಅಂತ ಅವರಿಗೆ ಯಾರೂ ಹೇಳಿಲ್ಲ.

ಇಂಥವು ಪರಿಶೀಲನೆಯ ಕ್ಯೂನಲ್ಲಿ ಬಂದಾಗ ನನ್ನ ತಂಡದಲ್ಲಿ ಜಗಳವಾಗುತ್ತದೆ. ಕಳಿಸಿದವರಿಗೆ ಗೊತ್ತಿಲ್ಲದ ತಪ್ಪಿಗೆ ಅಕೌಂಟಿಗೆ ಸ್ಟ್ರೈಕ್, ಅಂದರೆ ತಪ್ಪೆಂದು ದಾಖಲಾಗುವ ಎಚ್ಚರಿಕೆ, ಕೊಡುವುದು ಅನ್ಯಾಯ ಅಂತ ಕೆಲವರು. ಬಿಟ್ಟರೆ ನಾಳೆ ಅದೇ ಆಕ್ಟೋಪಸ್ಸಿಗೆ ನಮ್ಮೂರಿನ ಯಾವುದೋ ಸಮುದಾಯದ ಟೋಪಿಯನ್ನೋ ಬೊಟ್ಟನ್ನೋ ಹಚ್ಚುತ್ತಾರೆ ಅಂತ ಉಳಿದವರು. ನಾನು ಸಾಮಾನ್ಯವಾಗಿ ಚಿತ್ರ ತೆಗೆಸುತ್ತೇನೆ, ಬರಹ ಉಳಿಸುತ್ತೇನೆ, ಸ್ಟ್ರೈಕ್ ಹಾಕುವುದಿಲ್ಲ. ಅದೇ ಚಿತ್ರವನ್ನು ಪಕ್ಷವೊಂದರ ಪ್ರಚಾರ ತಂಡ ದುಡ್ಡು ಕೊಟ್ಟು ಜಾಹೀರಾತು ಮಾಡಿದ್ದರೆ ಅಷ್ಟು ರಿಯಾಯಿತಿ ಇಲ್ಲ. ಅವರ ಬಳಿ ಡಿಸೈನರ್ ಇರುತ್ತಾರೆ, ವಕೀಲರಿರುತ್ತಾರೆ, ಚಿತ್ರ ಎಲ್ಲಿಂದ ತಂದಿರಿ ಅಂತ ಕೇಳಲು ಪೂರ್ತಿ ಹಕ್ಕು ನಮಗಿದೆ.