ಹಿಂಬಾಲಿಸುವ ಡ್ರೋನ್: ಕೈಯಲ್ಲಿದ್ದ ಬಿಲ್ಲೆಯಿಂದ ಪರದೆಯ ಚೌಕಟ್ಟಿನವರೆಗೆ

ಬೆಟ್ಟದ ದಾರಿಯಲ್ಲಿ ಸೈಕಲ್ ತುಳಿಯುವವರ ಬೆನ್ನು ಹತ್ತಿ, ಮರಗಳ ನಡುವೆ ನುಸುಳಿ, ತಿರುವಿನಲ್ಲಿ ತಾನೂ ತಿರುಗುವ ಡ್ರೋನ್ ದೃಶ್ಯಗಳು ಈಗ ಸಾಮಾನ್ಯವಾಗಿವೆ. ಅವುಗಳಲ್ಲಿ ಎಷ್ಟೋ ಡ್ರೋನ್‌ಗಳನ್ನು ಯಾರೂ ನಡೆಸುತ್ತಿರುವುದಿಲ್ಲ. ಯಾರನ್ನು ಹಿಂಬಾಲಿಸಬೇಕೆಂದು ಒಮ್ಮೆ ಹೇಳಿದರೆ ಸಾಕು, ಮಿಕ್ಕಿದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಆ ‘ಯಾರನ್ನು’ ಎಂಬುದನ್ನು ಹೇಳುವ ರೀತಿ ಕೆಲವೇ ವರ್ಷಗಳಲ್ಲಿ ಪೂರ್ತಿ ಬದಲಾಗಿಹೋಯಿತು. ಆ ಬದಲಾವಣೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

2014ರ ಸುಮಾರಿಗೆ ಮಾರುಕಟ್ಟೆಗೆ ಬಂದ ಹಿಂಬಾಲಿಸುವ ಡ್ರೋನ್‌ಗಳು ಮನುಷ್ಯನನ್ನು ನೋಡುತ್ತಲೇ ಇರಲಿಲ್ಲ. ಅವನ ಜೇಬಿನಲ್ಲಿದ್ದ ಫೋನ್ ಅಥವಾ ಮಣಿಕಟ್ಟಿಗೆ ಕಟ್ಟಿಕೊಂಡ ಸಾಧನವು ತಾನಿರುವ ಜಿಪಿಎಸ್ ಸ್ಥಾನವನ್ನು ರೇಡಿಯೊ ಮೂಲಕ ತಿಳಿಸುತ್ತಿತ್ತು. ಡ್ರೋನ್ ಆ ಬಿಂದುವಿನಿಂದ ನಿಗದಿತ ದೂರದಲ್ಲಿದ್ದುಕೊಂಡು ಕ್ಯಾಮೆರಾವನ್ನು ಅದರತ್ತ ತಿರುಗಿಸುತ್ತಿತ್ತು. ಬಯಲಿನಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ತಪ್ಪಬಹುದು. ಡ್ರೋನಿನದೇ ಜಿಪಿಎಸ್ ತಪ್ಪೂ ಅದಕ್ಕೆ ಸೇರಿಕೊಂಡರೆ ಮನುಷ್ಯ ಚಿತ್ರದ ಅಂಚಿಗೆ ಸರಿದುಬಿಡುತ್ತಾನೆ. ಎತ್ತರದ ಅಂದಾಜು ಇನ್ನೂ ಕಷ್ಟ. ಹೊರಟ ಜಾಗದಿಂದ ಅಳೆದ ಎತ್ತರವನ್ನೇ ಹಿಡಿದು ಹಾರುವ ಡ್ರೋನಿಗೆ ಎದುರಿನ ಏರು ಗೊತ್ತಾಗುವುದಿಲ್ಲ, ನಡುವೆ ನಿಂತ ಮರವಂತೂ ಗೊತ್ತೇ ಆಗುವುದಿಲ್ಲ.

ಆ ಕಾಲದ ಆಸೆ ಮತ್ತು ಸಾಮರ್ಥ್ಯದ ನಡುವಿನ ಕಂದಕಕ್ಕೆ ಅಮೆರಿಕದ ಲಿಲಿ ಡ್ರೋನ್ ಸಾಕ್ಷಿ. 2015ರ ಮೇ ತಿಂಗಳಲ್ಲಿ ಅದರ ಜಾಹೀರಾತು ಬಂತು. ಗಾಳಿಗೆ ಎಸೆದರೆ ಸಾಕು, ಕೈಯಲ್ಲಿರುವ, ತಾನಿರುವ ಜಾಗವನ್ನು ತಿಳಿಸುವ ದುಂಡನೆಯ ಬಿಲ್ಲೆಯನ್ನು ಅನುಸರಿಸಿ ಅದು ತಾನೇ ಚಿತ್ರೀಕರಿಸುತ್ತದೆ ಎಂಬ ಭರವಸೆ. ಸುಮಾರು 60,000 ಮಂದಿ ಮುಂಗಡ ಕೊಟ್ಟರು. ಸಂಗ್ರಹವಾದ ಮೊತ್ತ ಸುಮಾರು 3.4 ಕೋಟಿ ಡಾಲರ್. ಆದರೆ ಡ್ರೋನ್ ಬರಲಿಲ್ಲ. 2017ರ ಜನವರಿಯಲ್ಲಿ ಕಂಪನಿ ಬಾಗಿಲು ಹಾಕಿತು. ಜಾಹೀರಾತಿನ ದೃಶ್ಯಗಳನ್ನು ಬೇರೆ ಕಂಪನಿಯ ದುಬಾರಿ ಡ್ರೋನ್‌ನಿಂದ ತೆಗೆದಿದ್ದರು ಎಂದು ಆರೋಪಿಸಿ ಸ್ಯಾನ್ ಫ್ರಾನ್ಸಿಸ್ಕೊದ ಜಿಲ್ಲಾ ಅಟಾರ್ನಿ ಮೊಕದ್ದಮೆ ಹೂಡಿದರು.

ಡ್ರೋನಿಗೆ ಬೇಕಿದ್ದ ದೃಷ್ಟಿಯ ಗಣಿತ ಅಷ್ಟು ಹೊತ್ತಿಗೆ ಸಿದ್ಧವಾಗಿತ್ತು. ಒಂದು ಚಿತ್ರದ ಬಿಂದುಗಳು ಮರುಕ್ಷಣದ ಚಿತ್ರದಲ್ಲಿ ಎತ್ತ ಸರಿದವು ಎಂದು ಲೆಕ್ಕ ಹಾಕುವ ವಿಧಾನವನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಲ್ಯೂಕಾಸ್ ಮತ್ತು ಕನಡೆ 1981ರಲ್ಲೇ ಪ್ರಕಟಿಸಿದ್ದರು. 2010ರಲ್ಲಿ ಡೇವಿಡ್ ಬೋಲ್ಮ್ ಮತ್ತು ಸಂಗಡಿಗರು ಹೊಸದೊಂದು ದಾರಿ ತೋರಿದರು. ಗುರಿಯ ಸಣ್ಣ ಚಿತ್ರದಿಂದ ಒಂದು ಸೋಸುಕವನ್ನು (ಗುರಿಯನ್ನು ಹೋಲುವ ಭಾಗವನ್ನು ಹುಡುಕಿಕೊಡುವ ಗಣಿತದ ಅಚ್ಚು) ಕಲಿಯುವುದು, ಮುಂದಿನ ಚಿತ್ರದಲ್ಲಿ ಅದು ಎಲ್ಲಿ ಅತಿ ಹೆಚ್ಚು ಹೊಂದುತ್ತದೋ ಅಲ್ಲಿಗೆ ಚೌಕಟ್ಟನ್ನು ಸರಿಸುವುದು, ಪ್ರತಿ ಬಾರಿಯೂ ಕೊಂಚ ಕೊಂಚ ತಿದ್ದಿಕೊಳ್ಳುವುದು. ಅದು ಸೆಕೆಂಡಿಗೆ 669 ಚಿತ್ರಗಳನ್ನು ನಿಭಾಯಿಸುತ್ತಿತ್ತು. ತೊಡಕಿದ್ದುದು ಆ ತಿದ್ದಿಕೊಳ್ಳುವ ಗುಣದಲ್ಲೇ: ಮನುಷ್ಯ ಮರದ ಹಿಂದೆ ಸರಿದಾಗ ಸೋಸುಕ ಮರವನ್ನೇ ಕಲಿತುಬಿಟ್ಟರೆ ಚೌಕಟ್ಟು ಅಲ್ಲೇ ಉಳಿಯುತ್ತದೆ. 2012ರ ನಂತರ ನರಜಾಲಗಳು (ಅಸಂಖ್ಯ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆಗಳು) ಚಿತ್ರದಲ್ಲಿರುವುದು ಮನುಷ್ಯನೋ ಕಾರೋ ಎಂದು ಚೆನ್ನಾಗಿ ಗುರುತಿಸತೊಡಗಿದ ಮೇಲೆ ಈ ತೊಡಕು ಬಹುಮಟ್ಟಿಗೆ ಸಡಿಲವಾಯಿತು.

2016ರ ಮಾರ್ಚ್‌ನಲ್ಲಿ ಚೀನಾದ ಡಿಜೆಐ ಕಂಪನಿಯ ಫ್ಯಾಂಟಮ್ 4 ಬಂತು. ಪರದೆಯ ಮೇಲೆ ವ್ಯಕ್ತಿಯ ಸುತ್ತ ಬೆರಳಿನಿಂದ ಚೌಕಟ್ಟು ಎಳೆದರೆ ಹಿಂಬಾಲಿಕೆ ಶುರು. ಚೌಕಟ್ಟು ಚಿತ್ರದ ನಡುವಿನಿಂದ ಬದಿಗೆ ಸರಿದರೆ ಇಂಥ ಡ್ರೋನ್ ಅತ್ತ ತಿರುಗುತ್ತದೆ. ಚೌಕಟ್ಟು ಕಿರಿದಾದರೆ ಮನುಷ್ಯ ದೂರವಾಗುತ್ತಿದ್ದಾನೆಂದು ವೇಗ ಹೆಚ್ಚಿಸುತ್ತದೆ. ಹಾರುತ್ತಿರುವ ಎತ್ತರ, ಕ್ಯಾಮೆರಾ ಬಾಗಿದ ಕೋನ ಇವೆರಡರಿಂದಲೂ ನೆಲದ ಮೇಲಿನ ದೂರ ತಿಳಿಯುತ್ತದೆ. ಗುರಿ ಕ್ಷಣಕಾಲ ಮರೆಯಾದರೆ ಈವರೆಗಿನ ವೇಗ ಮತ್ತು ದಿಕ್ಕಿನಿಂದ ಮುಂದಿನ ಸ್ಥಾನವನ್ನು ಊಹಿಸಬೇಕು. ಅದಕ್ಕೆ ಬಳಸುವ ಗಣಿತವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ್ದರು. ಅಪೊಲೊ ನೌಕೆಗಳು ಚಂದ್ರನತ್ತ ಹೋಗುವಾಗಲೂ ಅದೇ ಲೆಕ್ಕ ನೆರವಾಗಿತ್ತು.

ಮರಗಳ ನಡುವೆ ನುಸುಳುವ ವಿದ್ಯೆಯನ್ನು ನಿಜವಾಗಿ ಸಾಧಿಸಿದ್ದು ಅಮೆರಿಕದ ಸ್ಕೈಡಿಯೊ. 2018ರ ಅದರ ಮೊದಲ ಡ್ರೋನಿನಲ್ಲಿ 13 ಕ್ಯಾಮೆರಾಗಳಿದ್ದವು. ಚಿತ್ರೀಕರಣಕ್ಕೆ ಒಂದು, ಸುತ್ತಲಿನ ಜಗತ್ತನ್ನು ಅಳೆಯಲು ಹನ್ನೆರಡು. ಅದೇ ಕಂಪನಿ 2023ರಲ್ಲಿ ಜನಸಾಮಾನ್ಯರಿಗೆ ಡ್ರೋನ್ ಮಾರುವುದನ್ನೇ ನಿಲ್ಲಿಸಿ ಸೇನೆ, ಪೊಲೀಸ್, ಉದ್ಯಮಗಳ ಕಡೆಗೆ ಹೊರಳಿತು. ಉಕ್ರೇನ್ ಯುದ್ಧದಲ್ಲಿ, ರೇಡಿಯೊ ಸಂಪರ್ಕ ಕಡಿದರೂ ಗುರಿಯನ್ನು ಚಿತ್ರದಲ್ಲೇ ಹಿಡಿದುಕೊಂಡು ಕೊನೆಯ ದೂರವನ್ನು ತಾನೇ ಸಾಗಿ ಅಪ್ಪಳಿಸುವ ಡ್ರೋನ್‌ಗಳು ಬಂದಿವೆ. ಸೈಕಲ್ ಸವಾರರ ಸುತ್ತ ಎಳೆಯುವಂಥದೇ ಚೌಕಟ್ಟು ಅಲ್ಲಿಯೂ ಇದೆ.

ಯುದ್ಧವನ್ನು ಬದಿಗಿಟ್ಟರೂ ನನ್ನನ್ನು ಕಾಡುವ ವಿಷಯ ಬೇರೆ. ಬಿಲ್ಲೆಯ ಕಾಲದಲ್ಲಿ ಹಿಂಬಾಲಿಸಲ್ಪಡುವವರ ಒಪ್ಪಿಗೆ ಯಂತ್ರದ ರಚನೆಯಲ್ಲೇ ಇತ್ತು. ಬಿಲ್ಲೆ ಬೇಡವೆನಿಸಿದರೆ ಕೆಳಗಿಟ್ಟರಾಯಿತು. ಚೌಕಟ್ಟು ಬಂದ ಮೇಲೆ ಒಪ್ಪಿಗೆ ಪರದೆ ಹಿಡಿದವರ ಕೈಗೆ ಹೋಯಿತು. ಕೆರೆಯ ಏರಿಯ ಮೇಲೆ ನಡೆಯುತ್ತಿರುವ ಮಹಿಳೆಗೆ ತನ್ನ ಸುತ್ತ ಚೌಕಟ್ಟು ಬಿದ್ದಿದೆ ಎಂದು ತಿಳಿಯುವ ದಾರಿಯೇ ಇಲ್ಲ.

ಭಾರತದ 2021ರ ಡ್ರೋನ್ ನಿಯಮಗಳು ಯಂತ್ರಗಳನ್ನು ವಿಂಗಡಿಸುವುದು ತೂಕದಿಂದ. 250 ಗ್ರಾಂವರೆಗಿನ ನ್ಯಾನೊ ಡ್ರೋನ್ ಹಾರಿಸಲು ಪೈಲಟ್ ಪರವಾನಗಿ ಬೇಕಿಲ್ಲ. ಬಡಿದರೆ ಆಗುವ ಗಾಯದ ದೃಷ್ಟಿಯಿಂದ ಇದು ಸರಿಯಾದ ಅಳತೆ. ಆದರೆ ಅಂಗೈಯಿಂದಲೇ ಮೇಲೇಳುವ ಹಿಂಬಾಲಿಸುವ ಡ್ರೋನ್‌ಗಳಲ್ಲಿ ಕೆಲವು ಈಗ 150 ಗ್ರಾಂಗಿಂತಲೂ ಹಗುರ. 2022ರ ಫೆಬ್ರುವರಿಯಿಂದ ಸಿದ್ಧ ಡ್ರೋನ್‌ಗಳ ಆಮದಿಗೆ ನಿಷೇಧವಿದೆ, ಬಿಡಿಭಾಗಗಳಿಗಿಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆದರೆ 2023ರ ದತ್ತಾಂಶ ರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬರು ಸ್ವಂತ ಅಥವಾ ಮನೆಯ ಬಳಕೆಗೆ ಮಾಡಿಕೊಳ್ಳುವ ದತ್ತಾಂಶ ಸಂಸ್ಕರಣೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹವ್ಯಾಸಕ್ಕೆ ಡ್ರೋನ್ ಹಾರಿಸುವವರು ಈ ವಿನಾಯಿತಿಯ ಆಶ್ರಯ ಪಡೆಯಬಹುದು. ತೂಕದ ಜೊತೆಗೆ, ಗುರುತಿಸಿ ಹಿಂಬಾಲಿಸುವ ಸಾಮರ್ಥ್ಯವನ್ನೂ ಡ್ರೋನ್ ನಿಯಮಗಳಲ್ಲಿ ಪ್ರತ್ಯೇಕ ವರ್ಗವಾಗಿ ಸೇರಿಸಬೇಕು. ಅಂಥ ಯಂತ್ರವು ಯಾರನ್ನಾದರೂ ಹಿಂಬಾಲಿಸುತ್ತಿರುವಾಗ ಅವರ ಕಣ್ಣಿಗೆ ಕಾಣುವಂಥ ದೀಪ ಉರಿಯುವುದನ್ನು ಕಡ್ಡಾಯ ಮಾಡಬೇಕು.