ಕಾಣದ ಬೆಳಕಲ್ಲಿ ಮಾತಾಡೋ ಪುಟ್ಟ ರೋಬೋಗಳು

ದಾವಣಗೆರೆ ಬಸ್ ಸ್ಟ್ಯಾಂಡಲ್ಲಿ ಎಷ್ಟೇ ಗದ್ದಲ ಇರ್ಲಿ, "ಹರಿಹರ ಹರಿಹರ ಹರಿಹರ" ಅಂತ ಕೂಗೋ ಕಂಡಕ್ಟರ್ ದನಿ ಹರಿಹರಕ್ಕೆ ಹೋಗೋರ ಕಿವಿಗೆ ಬಿದ್ದೇ ಬೀಳುತ್ತೆ, ಯಾಕಂದ್ರೆ ಆ ಕೂಗಿಗೆ ಒಂದು ಲಯ ಐತೆ. ನಮ್ಮಕ್ಕನ ಮಗ ಅಂಗೈ ಅಗಲದ ಎರಡು ರೋಬೋ ಮಾಡಿ "ಮಾವ, ಇವೆರಡೂ ವೈರಿಲ್ದೆ ಮಾತಾಡ್ಬೇಕು" ಅಂದಾಗ ನನಗೆ ಮೊದಲು ನೆನಪಾಗಿದ್ದು ಇದೇ.

ಟಿವಿ ರಿಮೋಟಿನ ಮೂತಿಯಲ್ಲಿರುತ್ತಲ್ಲ, ಅದೇ ಇನ್‌ಫ್ರಾರೆಡ್ ಎಲ್‌ಇಡಿ ಸಾಕು. ಅದರ ಬೆಳಕು ಸುಮಾರು 940 ನ್ಯಾನೋಮೀಟರಿಂದು, ನಮ್ಮ ಕಣ್ಣಿಗೆ ಕಾಣಲ್ಲ, ಆದ್ರೆ ಎಷ್ಟೋ ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದ್ರೆ ತಿಳಿ ನೇರಳೆಯಾಗಿ ಮಿಣುಕೋದು ಕಾಣುತ್ತೆ. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನ ಪ್ರಿಸಂನಲ್ಲಿ ಒಡೆದು, ಕೆಂಪು ಬಣ್ಣ ಮುಗಿದ ಮೇಲಿನ ಖಾಲಿ ಜಾಗದಲ್ಲಿ ಥರ್ಮಾಮೀಟರ್ ಇಟ್ಟು ಕಂಡುಹಿಡಿದದ್ದು ಈ ಬೆಳಕನ್ನೇ.

ಬಿಸಿಲಲ್ಲೇ ಅದು ಅಷ್ಟೊಂದು ಇರೋವಾಗ ನಮ್ಮ ಎಲ್‌ಇಡಿಯ ಸಣ್ಣ ಮಾತನ್ನ ಬೇರೆ ಮಾಡಿ ಕೇಳೋದು ಹೆಂಗೆ? ಅದಕ್ಕೇ ಎಲ್‌ಇಡಿನ ಸೆಕೆಂಡಿಗೆ 38,000 ಸಲ ಮಿಣುಕಿಸ್ತಾರೆ. ಟಿಎಸ್‌ಒಪಿ1738 ಅನ್ನೋ ಮೂರು ಕಾಲಿನ ಕರಿ ರಿಸೀವರ್ ಆ ಲಯ ಬಂದಾಗ ಮಾತ್ರ ತನ್ನ ಔಟ್‌ಪುಟ್ ವೋಲ್ಟೇಜನ್ನ ಕೆಳಗಿಳಿಸುತ್ತೆ, ಇಲ್ದಿದ್ರೆ ಮೇಲೇ ಇಟ್ಟಿರುತ್ತೆ. ಸೊನ್ನೆ-ಒಂದರ ಬಿಟ್‌ಗಳನ್ನ ಒಂದಾದ ಮೇಲೊಂದು ಸಾಗಿಸೋ ಸೀರಿಯಲ್ ಲೈನೂ ಹಂಗೇ ನೋಡ್ರಿ, ಸುಮ್ಮನಿದ್ದಾಗ ಮೇಲೆ, ಸೊನ್ನೆ ಬಂದಾಗ ಕೆಳಗೆ, ಹಂಗಾಗಿ ರಿಸೀವರ್ ಕಾಲನ್ನ ನೇರ ರೋಬೋ ಬೋರ್ಡಲ್ಲಿ ಮಾತು ಒಳಗೆ ತಗೊಳೋ ಆರ್‌ಎಕ್ಸ್ ಪಿನ್ನಿಗೆ ಕೊಡಬಹುದು.

ಕಳಿಸೋ ಕಡೆದು ಇನ್ನೂ ಚೆಂದ. ಎಲ್‌ಇಡಿಯ ಉದ್ದ ಕಾಲನ್ನ ಒಂದು ರೆಸಿಸ್ಟರ್ ಮೂಲಕ 38 ಕಿಲೋಹರ್ಟ್ಸ್ (ಅದೇ ಸೆಕೆಂಡಿಗೆ 38,000 ಸಲದ ಲಯ) ಬರೋ ಪಿನ್ನಿಗೆ, ಗಿಡ್ಡ ಕಾಲನ್ನ ಮಾತು ಹೊರಗೆ ಕಳಿಸೋ ಟಿಎಕ್ಸ್ ಪಿನ್ನಿಗೆ ಹಾಕಿ, ಅಷ್ಟೇ. ಟಿಎಕ್ಸ್ ಮೇಲಿದ್ದಾಗ ಕರೆಂಟಿಗೆ ದಾರಿನೇ ಇಲ್ಲ, ಕೆಳಗಿಳಿದ ತಕ್ಷಣ ಎಲ್‌ಇಡಿ ಲಯದಲ್ಲಿ ಮಿಣುಕುತ್ತೆ, ಅಂದ್ರೆ ಎರಡನ್ನೂ ಜೋಡಿಸೋಕೆ ಬೇರೆ ಚಿಪ್ಪೇ ಬೇಡ. ಇದನ್ನ ಮೊದಲ ಸಲ ನೋಡಿದಾಗ ನನಗೆ ಆದ ಖುಷಿ ಇನ್ನೂ ಹೋಗಿಲ್ಲ.

ಹುಡುಗ ಮೊದಲು ರೂಢಿಯಂತೆ 9600 ಬಾಡ್, ಅಂದ್ರೆ ಸೆಕೆಂಡಿಗೆ 9600 ಬಿಟ್ ವೇಗ ಇಟ್ಟಿದ್ದ, ಸ್ಕ್ರೀನ್ ತುಂಬಾ ಕಸ ಬಂತು. ಲೆಕ್ಕ ಹಾಕಿದ್ರೆ ಕಾರಣ ಸಿಗುತ್ತೆ: ಒಂದು ಮಿಣುಕಿಗೆ 26 ಮೈಕ್ರೋಸೆಕೆಂಡ್, 9600ರಲ್ಲಿ ಒಂದು ಬಿಟ್ಟಿಗೆ 104, ನಾಲ್ಕು ಮಿಣುಕಷ್ಟೇ ಹಿಡಿಸುತ್ತೆ, ರಿಸೀವರ್‌ಗೋ ಕನಿಷ್ಠ ಹತ್ತಾದ್ರೂ ಬೇಕು. 1200ಕ್ಕೆ ಇಳಿಸಿದ್ರೆ ಒಂದು ಬಿಟ್ಟಲ್ಲಿ 32 ಮಿಣುಕು, ಆರಾಮ. ಹಂಗಂತ ನಿಲ್ಲಿಸದೆ ಮಿಣುಕಿಸ್ತಾನೇ ಇದ್ರೂ ಆಗಲ್ಲ, ಒಂದೇ ಸಮ ಬರೋ ಲಯವನ್ನ ರಿಸೀವರ್ ಗದ್ದಲ ಅಂತ ತಿಳ್ಕೊಂಡು ಕಿವಿ ಮಂದ ಮಾಡ್ಕೊಳುತ್ತೆ, ಅದಕ್ಕೆ ಒಂದೊಂದು ಸಂದೇಶದ ಮಧ್ಯೆ ಬಿಡುವು ಕೊಡಬೇಕು.

ಇನ್ನೊಂದು ಮಾತು, ಆರ್ಡುಯಿನೋ ಊನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಲ್ಲಿ, ಸೀರಿಯಲ್ ಕೆಲಸನ ಪ್ರೋಗ್ರಾಮಿಂದಲೇ ಮಾಡಿಸೋ ಸಾಫ್ಟ್‌ವೇರ್ ಸೀರಿಯಲ್ ಬಳಸೋರು 38 ಕಿಲೋಹರ್ಟ್ಸ್‌ಗೆ ಪಿನ್ನನ್ನ ಲಯದಲ್ಲಿ ಮೇಲೆ ಕೆಳಗೆ ಮಾಡಿಸೋ ಟೋನ್ ಫಂಕ್ಷನ್ ಹಾಕ್ಬೇಡಿ. ಟೋನ್ ನಡೆಯೋದು ಇಂಟರಪ್ಟ್ ಮೇಲೆ, ಅಂದ್ರೆ ಚಿಪ್ಪಿನ ಕೆಲಸವನ್ನ ಮತ್ತೆ ಮತ್ತೆ ನಡುವೆ ತಡೆದು, ಸಾಫ್ಟ್‌ವೇರ್ ಸೀರಿಯಲ್ ಒಂದು ಬೈಟ್ ಕಳಿಸುವಾಗ ಇಂಟರಪ್ಟ್‌ಗಳನ್ನೇ ನಿಲ್ಲಿಸಿಬಿಡುತ್ತೆ, ಅಂದ್ರೆ ಬೇಕಾದ ಹೊತ್ತಲ್ಲೇ ಲಯ ಇಲ್ಲ. ಚಿಪ್ಪಿನೊಳಗಿನ ಟೈಮರ್ 2ನ್ನ ಸೆಟ್ ಮಾಡಿ 11ನೇ ಪಿನ್ನಲ್ಲಿ ಹಾರ್ಡ್‌ವೇರೇ ಮಿಣುಕಿಸೋ ಹಂಗೆ ಬಿಡ್ರಿ.

ಇಷ್ಟಾಗಿ ಮನೆಯೊಳಗೆ ಚೆನ್ನಾಗಿ ಓಡಾಡ್ತಿದ್ದ ರೋಬೋಗಳು ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲೆ ಗೇಣು ದೂರದಲ್ಲೂ ಒಂದನ್ನೊಂದು ಕೇಳಿಸ್ಕೊಳ್ಳಲಿಲ್ಲ. ನಮ್ಮೂರ ಬಿಸಿಲಿನ ಇನ್‌ಫ್ರಾರೆಡ್ ರಿಸೀವರ್ ಒಳಗಿನ ಕಣ್ಣನ್ನೇ ತುಂಬಿಬಿಟ್ಟಿತ್ತು, ಲಯ ಗುರುತಿಸೋ ಮಾತು ಆಮೇಲಿನದು. ರಿಸೀವರ್ ಸುತ್ತ ಒಂದಿಂಚು ಉದ್ದದ ಕರಿ ಕೊಳವೆ ಹಾಕಿದ್ವಿ, ನೆರಳಲ್ಲಿಟ್ವಿ, ಮಾತು ವಾಪಸ್ ಬಂತು.

"ಬ್ಲೂಟೂತ್ ಹಾಕಿದ್ರೆ ಈ ತಾಪತ್ರಯನೇ ಇರ್ತಿರ್ಲಿಲ್ಲ ಅಲ್ವಾ ಮಾವ?" ಅಂದ. ಇರ್ತಿರ್ಲಿಲ್ಲ ನಿಜ, ಆದ್ರೆ ರೇಡಿಯೋ ಗೋಡೆಯಾಚೆಗೂ ಹೋಗುತ್ತೆ, ಕೂಗಿದವನು ಪಕ್ಕದಲ್ಲಿದಾನೋ ಪಕ್ಕದ ರೂಮಲ್ಲಿದಾನೋ ರೋಬೋಗೆ ಸುಲಭವಾಗಿ ಗೊತ್ತಾಗಲ್ಲ. ಇನ್‌ಫ್ರಾರೆಡ್ ಮಾತು ಕೇಳಿಸ್ತು ಅಂದ್ರೆ ಆಸಾಮಿ ಹತ್ತಿರದಲ್ಲೇ, ಬಹುಪಾಲು ಎದುರಿಗೇ ಇದಾನೆ ಅಂತ ಅರ್ಥ. ಹಾರ್ವರ್ಡ್‌ನಲ್ಲಿ ರಾಧಿಕಾ ನಾಗಪಾಲ್ ಅವರ ತಂಡ 2014ರಲ್ಲಿ 1024 ಕಿಲೋಬಾಟ್ ಅನ್ನೋ ಪುಟ್ಟ ರೋಬೋಗಳನ್ನ ತಾವಾಗೇ ಸೇರಿ ನಕ್ಷತ್ರದ ಆಕಾರ ಕಟ್ಟೋ ಹಂಗೆ ಮಾಡಿದ್ದು ಇದೇ ಗುಣ ನಂಬ್ಕೊಂಡು, ಅವು ಇನ್‌ಫ್ರಾರೆಡ್ಡನ್ನ ಮೇಜಿಗೆ ಬಡಿದು ವಾಪಸ್ ಬರೋ ಹಂಗೆ ಕಳಿಸಿ, ಬಂದ ಬೆಳಕಿನ ಜೋರು ನೋಡಿ ಪಕ್ಕದವನು ಎಷ್ಟು ದೂರ ಅಂತ ಅಳೀತಿದ್ವು.

ಎದುರಿನ ಬೆಳಕಷ್ಟೇ ಒಳಗೆ ಬಿಡೋ ನಮ್ಮ ಕರಿ ಕೊಳವೆನೂ ಹಂಗೇ ಉಪಕಾರಕ್ಕೆ ಬಂತು, ಈಗ ರೋಬೋ ನಿಂತಲ್ಲೇ ಒಂದು ಸುತ್ತು ತಿರುಗುತ್ತೆ, ಯಾವ ಕಡೆಯಿಂದ ಮಾತು ಕೇಳಿಸ್ತೋ ಆ ಕಡೆ ಹೊರಡುತ್ತೆ.